ಹೇಳಿದವರು ಯಾರು

ಲಾರಿ ಉರುಳಿಬಿದ್ದ ಫೋಟೋ ಓಣಿಯ ಎಲ್ಲರ ಮೊಬೈಲಿಗೂ ಬಂದಿತ್ತು. ಪಕ್ಕದ ಮನೆಯ ಗಂಗವ್ವ ಅದನ್ನು ಹಿಡಿದುಕೊಂಡೇ ಓಡಿ ಬಂದಳು.

"ದ್ರಾಕ್ಷಾಯಣಿ, ಇದು ನಿನ್ನ ಗಂಡನ ಲಾರಿ ಅಂತಾರ ನೋಡವಾ."

ದ್ರಾಕ್ಷಾಯಣಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಹೋದ ವರ್ಷ ಇಂಥದೇ ಫೋಟೋ ನಂಬಿ ಆಸ್ಪತ್ರೆತನಕ ಅತ್ತುಕೊಂಡು ಹೋಗಿದ್ದಳು. ಸಂಜೆ ಗಂಡ ನಗುತ್ತಾ ಮನೆಗೆ ಬಂದು, "ಏನು ಹೇಳ್ಯಾರ ಅನ್ನೂದಲ್ಲ, ಯಾರು ಹೇಳ್ಯಾರ ಅನ್ನೂದನ್ನ ಮೊದಲ ನೋಡು" ಅಂದಿದ್ದ.

"ಯಾರು ಕಳಿಸ್ಯಾರ ಇದನ್ನ?"

"ಯಾರೋ ಏನೋ, ಗ್ರೂಪಿನ್ಯಾಗ ಬಂತು. ನಿನ್ನ ಗಂಡಗೊಂದು ಫೋನ್ ಹಚ್ಚಿ ನೋಡು."

"ಗಾಡಿ ಹೊಡಿಯುವಾಗ ಅವ್ರು ಫೋನ್ ಎತ್ತಂಗಿಲ್ಲ. ಸುಳ್ಳ ಇರ್ತೈತಿ ಬಿಡಕ್ಕಾ."

"ನಿಮ್ಮ ಅತ್ತೆಗಾದ್ರೂ ಗೊತ್ತಿರಬೇಕು, ಕೇಳ್ಕೊಂಡು ಬರ್ಲೇನು?"

"ಬ್ಯಾಡ. ಜಾತಿ ಬಿಟ್ಟು ಲಗ್ನ ಆಗೀವಿ ಅಂತ ಅವ್ರು ಇವತ್ತಿನ ತನಕ ನನ್ನ ಮಾರಿ ಸೈತ ನೋಡಿಲ್ಲ, ಈ ಹೊಸ್ತಿಲಾ ತುಳದಿಲ್ಲ."

ಗಂಡನ ಪಾಲಿನ ರೊಟ್ಟಿಯನ್ನು ಬುಟ್ಟಿಗೆ ಹಾಕುವಾಗ ಬಾಗಿಲಲ್ಲಿ ನೆರಳು ಬಿತ್ತು. ಅತ್ತೆ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು, ಅವಳ ಹಿಟ್ಟಿನ ಕೈ ಹಿಡಿದು, "ಏಳವಾ, ನನ್ನ ಮಗಳ" ಅಂದಳು.