ಓಣಿಗೆ ಪೇಢೆ ಹಂಚಿದ ಮಧ್ಯಾಹ್ನ

ಈಗಲೂ ಏಲಕ್ಕಿ ಹಾಕಿದ ಪೇಢೆಯ ವಾಸನೆ ಬಂದರೆ ನನ್ನ ಅಂಗೈ ತಾನೇ ಮುಷ್ಟಿಯಾಗುತ್ತದೆ.

ರಾಕೆಟ್ ಎಂಜಿನ್ ಕಟ್ಟುವ ಕೆಲಸದಲ್ಲಿದ್ದ ಕಾಕಾ ತನ್ನ ಪಾಲಿನದು ಮುಗಿಸಿ, ರಜೆಗೆ ನಮ್ಮೂರು ಶೇಡಬಾಳಕ್ಕೆ ಬಂದಿದ್ದ. ಅವನೂ ಅವನ ಜೊತೆಯವರೂ ವರ್ಷಗಟ್ಟಲೆ ಕೂತು ಮಾಡಿದ ಎಂಜಿನ್ನನ್ನು ಹೊತ್ತು ದೊಡ್ಡ ರಾಕೆಟ್ಟೊಂದು ಅಂದು ಹಾರುವುದಿತ್ತು. ಮನೆಯವರೆಲ್ಲ ಟಿವಿಯ ಮುಂದೆ ಕೂತಿದ್ದೆವು.

ನಮ್ಮ ಕಡೆ ಬಾವಿಗೆ ಹೊಸ ಎಂಜಿನ್ ಕೂರಿಸಿದರೆ, ಅದು ಹತ್ತಿಕೊಂಡು ನೀರು ಬಿದ್ದೊಡನೆ ಪೇಢೆ ಹಂಚುತ್ತಾರೆ. ರಾಕೆಟ್ ಬೆಂಕಿ ಉಗುಳಿ ಮೇಲೆದ್ದದ್ದೇ ತಡ, ಅಪ್ಪ ಪೇಢೆಯ ಪೊಟ್ಟಣ ಬಿಚ್ಚಿದ.

“ತಡೀ ಅಣ್ಣಾ,” ಎಂದ ಕಾಕಾ. “ಈಗ ಹತ್ತಿದ್ದು ಕೆಳಗಿಂದು. ಇದರಾಗ ಒಂದರ ಮ್ಯಾಲೊಂದು ಎಂಜಿನ್ ಇರ್ತಾವ. ನಮ್ಮ ಎಂಜಿನ್ ಮ್ಯಾಲ ಹೋದಮ್ಯಾಗ ಹತ್ತಬೇಕು.”

“ಏರಿತಲ್ಲೋ!” ಎಂದು ನಕ್ಕ ಅಪ್ಪ, ಅವನ ಅಂಗೈಗೊಂದು ಪೇಢೆ ಇಟ್ಟು ಓಣಿಗೆ ಹೊರಟ.

ಟಿವಿಯಲ್ಲಿ ಎರಡು ಗೆರೆಗಳಿದ್ದವು. ಒಂದು ರಾಕೆಟ್ ಹೋಗಬೇಕಾದ ದಾರಿ, ಇನ್ನೊಂದು ಅದು ಹೋಗುತ್ತಿದ್ದ ದಾರಿ. ಬಹಳ ಹೊತ್ತು ಅವು ಒಂದರ ಮೇಲೊಂದು ಮಲಗಿದ್ದವು. ಆಮೇಲೆ, ಕಾಕಾನ ಎಂಜಿನ್ ಹತ್ತಬೇಕಾದ ಹೊತ್ತಿಗೆ, ರಾಕೆಟ್ ಹೋಗುತ್ತಿದ್ದ ಗೆರೆ ಮೆಲ್ಲಗೆ ಕೆಳಗೆ ಬಾಗತೊಡಗಿತು. ರಾಕೆಟ್ಟಿನ ಎತ್ತರ ಹೇಳುತ್ತಿದ್ದ ಟಿವಿಯ ದನಿ ನಿಂತಿತು.

“ಕಾಕಾ, ಆ ಗೆರಿ ಯಾಕ ಕೆಳಗ ಬರಾಕತ್ತೈತಿ?”

ಕಾಕಾ ಟಿವಿಯನ್ನೇ ನೋಡುತ್ತ ಮುಷ್ಟಿ ಬಿಗಿದ. ಅವನ ಬೆರಳ ಸಂದಿನಿಂದ ಪೇಢೆ ಮೆತ್ತಗೆ ಹೊರಬರುತ್ತಿತ್ತು.

“ಬಾಯಾಗ ಹಾಕ್ಕೋ ಯಪ್ಪಾ,” ಎಂದಳು ಅಜ್ಜಿ.

ಓಣಿಯ ತುದಿಯಿಂದ ಅಪ್ಪನ ದನಿ ಕೇಳುತ್ತಿತ್ತು. “ಬರ್ರಿ, ಬರ್ರಿ! ನಮ್ಮ ತಮ್ಮನ ಎಂಜಿನ್ ಹತ್ತೈತಿ, ಬಾಯಿ ಸಿಹಿ ಮಾಡ್ಕೊಳ್ರಿ!”