ಕುಂಕುಮ ಹಚ್ಚಿದ ಯಂತ್ರ

ಸಿಟ್ಟು ಮಾಡಿಕೊಂಡರೆ ಬಿಪಿ ಏರುತ್ತದೆ ಅನ್ನುವವರು ಇದನ್ನು ಇಲ್ಲಿಗೇ ಬಿಟ್ಟುಬಿಡಿ...
ಓದಿದ ಮೇಲೂ ಸಿಟ್ಟು ಬರದಿದ್ದರೆ, ದಯವಿಟ್ಟು ಇನ್ನೊಮ್ಮೆ ಓದಿ.

ಅದೊಂದು ತಾಲ್ಲೂಕು ಆಸ್ಪತ್ರೆ. ಅಂದು ಗುರುವಾರ, ಲಸಿಕೆ ಹಾಕುವ ದಿನ. ವರಾಂಡದ ತುಂಬಾ ಕೂಸು ಎತ್ತಿಕೊಂಡ ತಾಯಂದಿರು.

ಒಳಗೆ ಹಾಲ್‌ನಲ್ಲಿ ನರ್ಸ್‌ಗಳಿಗೆ ಟ್ರೈನಿಂಗ್. ಹುಟ್ಟಿದ ಮಗುವಿಗೆ ಕಿವಿ ಕೇಳಿಸುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡುವುದನ್ನು ಕಲಿಸುವ ಟ್ರೈನಿಂಗ್.

ಟ್ರೈನಿಂಗ್ ಅಂದರೆ ಗೊತ್ತಲ್ಲ... ಬ್ಯಾನರ್, ಹೂಗುಚ್ಛ, ಸ್ವಾಗತ ಭಾಷಣ, ವಂದನಾರ್ಪಣೆ, ಊಟ. ನಡುವೆ ಟೈಮ್ ಉಳಿದರೆ ಪಾಠ!

ಕಲಿಸಲು ಬಂದಿದ್ದ ಶ್ರವಣ ತಜ್ಞೆ ವಾರಿಜಾ ಭಾಷಣಗಳು ಮುಗಿಯುವವರೆಗೆ ಹಲ್ಲು ಕಚ್ಚಿಕೊಂಡು ಕೂತಿದ್ದರು. ಮುಗಿದದ್ದೇ ತಡ, ಎದ್ದು ನಿಂತು "ನಿಮ್ಮ ಮಷೀನ್ ತನ್ನಿ" ಅಂದರು.

ಹೆರಿಗೆ ವಾರ್ಡಿನ ಸಿಸ್ಟರ್ ಸುಮಂಗಲಾ ಕಪಾಟಿನಿಂದ ತಂದುಕೊಟ್ಟರು. ಅಂಗೈಯಷ್ಟು ಯಂತ್ರ, ಅದಕ್ಕೊಂದು ವೈರು. ವೈರಿನ ತುದಿಯನ್ನು ಮಗುವಿನ ಕಿವಿಯಲ್ಲಿಡಬೇಕು.

ಎಲ್ಲ ಸರಿಯಿದ್ದರೆ 'ಪಾಸ್' ಅಂತ ತೋರಿಸುತ್ತದೆ. ಅನುಮಾನವಿದ್ದರೆ 'ರೆಫರ್'... ಅಂದರೆ ಮತ್ತೆ ಪರೀಕ್ಷಿಸಿ, ಆಗಲೂ ಹಾಗೇ ಬಂದರೆ ದೊಡ್ಡಾಸ್ಪತ್ರೆಗೆ ಕಳಿಸಬೇಕು.

"ಇದು ಕೆಟ್ಟೈತ್ರಿ ಮೇಡಂ," ಅಂದರು ಸುಮಂಗಲಾ ನಗುತ್ತಾ. "ಬಂದಾಗಿಂದ ಎಲ್ಲಾ ಕೂಸಿಗೂ ರೆಫರ್ ಅಂತನ ತೋರಸ್ತೈತಿ. ಪಾಸ್ ಅನ್ನೂದನ್ನ ನಾವು ಕಂಡೇ ಇಲ್ರಿ!"

ಹಾಲ್ ಪೂರ್ತಿ ನಕ್ಕಿತು.

"ಮತ್ತೆ ತಾಯಂದಿರಿಗೆ ಏನ್ ಹೇಳ್ತೀರಿ?"

"ಏನಿಲ್ಲವಾ, ಮಷೀನ ಹಂಗ ಐತಿ, ಹೋಗು ಅಂತೀವ್ರಿ."

ವಾರಿಜಾ ನಗಲಿಲ್ಲ. ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅದರ ಸಣ್ಣ ತೂತುಗಳಲ್ಲಿ ಕೆಂಪು ಪುಡಿ ಗಟ್ಟಿಯಾಗಿ ಕೂತಿತ್ತು...

ಕುಂಕುಮ!

ಯಂತ್ರ ಬಂದ ದಿನ ಉದ್ಘಾಟನೆಯಾಗಿತ್ತು. ಹಾರ, ಅರಿಸಿನ, ಕುಂಕುಮ, ರಿಬ್ಬನ್, ಫೋಟೊ. ಭಕ್ತಿ ಹೆಚ್ಚಾದ ಯಾರೋ ಆ ತುದಿಗೂ ಬೊಟ್ಟಿಟ್ಟಿದ್ದರು. ಸದ್ದು ಹೊರಬರುವ ತೂತೇ ಮುಚ್ಚಿಹೋಗಿತ್ತು.

ಪೂಜೆ ಮಾಡಿದ್ದು ತಪ್ಪಲ್ಲ ಬಿಡಿ... ಆದರೆ ಅಂದು ಫೋಟೊಗೆ ನಿಂತ ಅಷ್ಟು ದೊಡ್ಡ ಮನುಷ್ಯರಲ್ಲಿ ಒಬ್ಬರಿಗಾದರೂ 'ಇದನ್ನು ಬಳಸುವುದು ಹೇಗೆ ಅಂತ ಇವರಿಗೆ ಕಲಿಸಿದ್ದೀರಾ?' ಅಂತ ಕೇಳಬೇಕು ಅನ್ನಿಸಲಿಲ್ಲವೇ?

ವಾರಿಜಾ ತಮ್ಮ ಬ್ಯಾಗಿನಿಂದ ಹೊಸ ತುದಿ ತೆಗೆದು ಹಾಕಿದರು. "ಹೊರಗೆ ನಿದ್ದೆ ಮಾಡ್ತಿರೋ ಮಕ್ಕಳಿದ್ರೆ ಕರ್ಕೊಂಡು ಬನ್ನಿ. ಅಲುಗಾಡಿದ್ರೆ ಪರೀಕ್ಷೆ ಸರಿ ಬರಲ್ಲ."

ಇಬ್ಬರು ತಾಯಂದಿರು ಬಂದರು. ಮೊದಲ ಮಗುವಿನ ಎರಡೂ ಕಿವಿಗೆ... ಪಾಸ್!

ಹಾಲ್‌ನಲ್ಲಿ ಜೋರು ಚಪ್ಪಾಳೆ. ಆ ಸದ್ದಿಗೆ ಮಗು ಬೆಚ್ಚಿ ಎದ್ದು ಅಳತೊಡಗಿತು.

ಎರಡನೆಯವಳು ಫಕ್ಕೀರವ್ವ. ಒಂಬತ್ತು ತಿಂಗಳ ಮಗನಿಗೆ ದಡಾರದ ಲಸಿಕೆ ಹಾಕಿಸಲು ಬಂದಿದ್ದಳು. ಅಷ್ಟು ಚಪ್ಪಾಳೆಗೂ ಅವಳ ಹೆಗಲ ಮೇಲಿನ ಕೂಸು ಮಿಸುಕಲಿಲ್ಲ. ವಾರಿಜಾ ಅದನ್ನು ಗಮನಿಸಿದರು.

ರೆಫರ್.

ಫ್ಯಾನ್ ಆರಿಸಿದರು, ಕಿಟಕಿ ಮುಚ್ಚಿಸಿದರು. ಮತ್ತೆ ರೆಫರ್. ಇನ್ನೊಂದು ಕಿವಿಗೂ ರೆಫರ್...

ಎಲ್ಲರ ಮುಖ ಸಣ್ಣದಾಯಿತು. ಫಕ್ಕೀರವ್ವನೇ ನಕ್ಕು ಸಮಾಧಾನ ಹೇಳಿದಳು.

"ಅದಕ್ಯಾಕ ಮಾರಿ ಸಣ್ಣ ಮಾಡ್ತೀರಿ? ಹುಟ್ಟಿದಾಗೂ ಇದನ್ನ ತೋರಿಸಿತ್ರಿ. ಮಷೀನ ಹಂಗ ಐತಿ ಅಂತ ಈ ಅಕ್ಕಾರ ಹೇಳಿದ್ರಲ್ಲ..."

ಅವಳು ತೋರಿಸಿದ್ದು ಸುಮಂಗಲಾ ಅವರನ್ನು.

ವಾರಿಜಾ ಫಕ್ಕೀರವ್ವನ ಕೈ ಹಿಡಿದುಕೊಂಡರು. "ದೊಡ್ಡ ಪರೀಕ್ಷೆ ಮಾಡಿಸದೆ ಖಚಿತವಾಗಿ ಹೇಳೋಕಾಗಲ್ಲ ಕಣಮ್ಮ. ಆದ್ರೆ ಇವನಿಗೆ ಕೇಳಿಸ್ತಿಲ್ಲ ಅಂತ ನನಗೆ ಅನುಮಾನ."

"ಇಲ್ರಿ... ನಮ್ಮ ಕೂಸು ಭಾಳ ಶಾಣ್ಯಾ ಐತ್ರಿ. ಗಿರಣಿ ಬಾಜೂಕ ನಮ್ಮ ಮನಿ. ಎಷ್ಟ್ ಗದ್ದಲ ಆದ್ರೂ ಏಳಂಗಿಲ್ಲ. ಓಣಿ ಮಂದಿ ಎಲ್ಲಾ ಹೊಗಳ್ತಾರ್ರಿ..."

ಮಾತು ಅಲ್ಲೇ ನಿಂತಿತು. ತಾನು ಏನು ಹೇಳುತ್ತಿದ್ದೇನೆ ಅನ್ನುವುದು ಅವಳಿಗೇ ಅರ್ಥವಾಗಿತ್ತು.

"ಅಂದ್ರ... ತೊಟ್ಲಾಗ ಹಾಕಿದಾಗ ಕಿವ್ಯಾಗ ಹೆಸರು ಹೇಳಿದ್ವಲ್ರಿ... ಅದೂ ಕೇಳಿಲ್ಲೇನ್ರಿ ನನ್ನ ಮಗಗ?"

ಯಾವ ಮುಖ ಹೊತ್ತು ಇದಕ್ಕೆ ಉತ್ತರ ಕೊಡಬೇಕು?

ವಾರಿಜಾ ನರ್ಸ್‌ಗಳತ್ತ ತಿರುಗಿ ಗುಡುಗಿದರು. "ಆಗಲೇ ಕಳಿಸಿದ್ರೆ ಇಷ್ಟೊತ್ತಿಗೆ ಚಿಕಿತ್ಸೆ ಶುರುವಾಗಿರ್ತಿತ್ತು! ಮಕ್ಕಳು ಮಾತು ಕಲಿಯೋದು ಕೇಳಿಸಿಕೊಂಡೇ ಅಲ್ವಾ? ಆ ತಿಂಗಳುಗಳನ್ನ ಇವನಿಗೆ ಯಾರು ವಾಪಸ್ ಕೊಡ್ತೀರಿ?"

ಸುಮಂಗಲಾರ ಕಣ್ಣು ತುಂಬಿತ್ತು, ದನಿ ಏರಿತ್ತು. "ಬೈರಿ ಮೇಡಂ, ನಂದು ತಪ್ಪೈತಿ. ಆದ್ರ ಮಷೀನ ಕೊಟ್ಟು ಹೋದವರು ಒಮ್ಮೆನೂ ತಿರುಗಿ ನೋಡಲಿಲ್ಲ. ಕೆಟ್ಟೈತಿ ಅಂತ ಮ್ಯಾಲಿನವರಿಗೆ ಹೇಳಿದ್ವಿ. ಟೆಸ್ಟ್ ಮಾಡೀವಿ ಅಂತ ರಿಪೋರ್ಟ್ ಕಳಸ್ರಿ, ಸಾಕು ಅಂದ್ರು. ನಮಗ ಕಲಸ್ಬೇಕು ಅನ್ನೂದು ನಿಮ್ಮ ಮಂದಿಗೆ ಇವತ್ತ ನೆನಪಾತೇನ್ರಿ?"

ಆ ಸಿಟ್ಟಿನಲ್ಲಿ ಸುಳ್ಳಿರಲಿಲ್ಲ.

ಆಗ ಬಾಗಿಲಲ್ಲಿ ಸಾಹೇಬರೊಬ್ಬರು ಇಣುಕಿದರು. "ಮೇಡಂ, ಗ್ರೂಪ್ ಫೋಟೊ ಮುಗಿಸಿಬಿಡೋಣ್ರಿ... ಊಟ ಆರಾಕತ್ತೈತಿ."

ಫಕ್ಕೀರವ್ವ ಎದ್ದಳು. ಅವರನ್ನು ದಾಟಿಕೊಂಡು ಸೀದಾ ವರಾಂಡಕ್ಕೆ ಹೋದಳು.

ಕೂಸಿಗೆ ಸೂಜಿ ಹಾಕಿಸಿಕೊಂಡ ತಾಯಂದಿರು ಮನೆಗೆ ಹೊರಟಿದ್ದರು. ಅವಳು ಮಗನನ್ನು ಎದೆಗೆ ಅವುಚಿಕೊಂಡು ಗೇಟಿಗೆ ಅಡ್ಡ ನಿಂತಳು.

"ನಿಂದರ್ರಿ! ಯಾರೂ ಹೋಗಬ್ಯಾಡ್ರಿ! ಏನಿಲ್ಲ ಹೋಗು ಅಂತ ನನಗೂ ಹೇಳಿದ್ರು... ನಾನೂ ನಂಬಿ ಹೋದೆ! ನಿಮ್ಮ ಕೂಸಿನ ಕಿವಿ ತೋರಿಸಿಕೊಂಡು ಹೋಗ್ರಿ!"

ಅವಳು ಅಳುತ್ತಲೇ ಕೂಗುತ್ತಿದ್ದಳು. ಒಬ್ಬಳನ್ನೂ ದಾಟಲು ಬಿಡಲಿಲ್ಲ.

ಅಂದು ಫೋಟೊ ಆಗಲಿಲ್ಲ. ಊಟ ತಣ್ಣಗಾಯಿತು. ಫೋಟೊಗೆಂದು ಸಾಲಾಗಿ ಇಟ್ಟಿದ್ದ ಕುರ್ಚಿಗಳ ಮೇಲೆ ತಾಯಂದಿರು ಕೂತರು. ಸುಮಂಗಲಾ ಒಬ್ಬೊಬ್ಬರನ್ನೇ ಒಳಗೆ ಕರೆದರು, ವಾರಿಜಾ ಪಕ್ಕದಲ್ಲೇ ನಿಂತು ಕಲಿಸಿದರು.

ಕೊನೆಯ ಕೂಸಿನ ಪರೀಕ್ಷೆ ಮುಗಿಯುವವರೆಗೂ ಫಕ್ಕೀರವ್ವ ಗೇಟು ಬಿಟ್ಟು ಕದಲಲಿಲ್ಲ.

ಯಂತ್ರ ಕೊಟ್ಟು ಕಲಿಸದೇ ಹೋಗುವುದು ದಾನವಲ್ಲ, ದ್ರೋಹ.

ನಿಮ್ಮ ಮನೆಯ ಮಗುವಿಗೆ ಕಿವಿ ಚುಚ್ಚಿಸಿದ ದಿನ ನಿಮಗೆ ಚೆನ್ನಾಗಿ ನೆನಪಿರುತ್ತದೆ... ಆ ಕಿವಿ ಕೇಳಿಸುತ್ತದೆಯೇ ಅಂತ ಪರೀಕ್ಷೆ ಮಾಡಿಸಿದ ದಿನ ನೆನಪಿದೆಯೇ?