ಮುಂದಿನ ಬ್ಯಾಚು

ಸಂಜೆಯ ಇಂಗ್ಲಿಷ್ ತರಗತಿಯಲ್ಲಿ ಮುದುಕ ಇವತ್ತೂ ತಪ್ಪಿದ.

"ಇಂಟರೆಸ್ಟ್ ಆನ್ ಮ್ಯೂಸಿಕ್ ಅಲ್ಲ ಅಜ್ಜ, ಇಂಟರೆಸ್ಟ್ ಇನ್ ಮ್ಯೂಸಿಕ್." ಹುಡುಗಿ ಟೀಚರ್ ಅವನ ಬೆಂಚಿಗೇ ಬಂದು ಕೂತಳು. "ಊಟ ಮಾಡಿದ್ರೋ ಇಲ್ವೋ?"

ಇಡೀ ದಿನದಲ್ಲಿ ಅವನನ್ನು ಹಾಗೆ ಕೇಳುತ್ತಿದ್ದವಳು ಇವಳೊಬ್ಬಳೇ.

"ಆಯ್ತಮ್ಮ," ಎಂದು ಮತ್ತೊಂದು ವಾಕ್ಯ ಹೇಳಿದ. ಅದೂ ತಪ್ಪು.

"ಹೀಗಾದ್ರೆ ನಿಮ್ಮನ್ನ ಹೆಂಗೆ ಪಾಸು ಮಾಡ್ಲಿ? ಎಲ್ಲರೂ ಮುಗಿಸಿ ಹೋಗ್ತಾರೆ, ನೀವು ಮುಂದಿನ ಬ್ಯಾಚಿಗೂ ಬರ್ಬೇಕಾಗುತ್ತೆ."

"ಬರ್ತೀನಮ್ಮ."

ತರಗತಿ ಬಿಟ್ಟಾಗ ಕೆಳಗೆ ಬೀದಿಯಲ್ಲಿ ಒಬ್ಬ ಸ್ಕೂಟರ್ ನಿಲ್ಲಿಸಿ ಮುದುಕನ ಕಾಲಿಗೆ ನಮಸ್ಕರಿಸಿದ. "ಸರ್, ಕಾಲೇಜಲ್ಲಿ ನೀವು ಕಲಿಸಿದ ಇಂಗ್ಲಿಷೇ ಇವತ್ತೂ ನಂಗೆ ಅನ್ನ ಹಾಕ್ತಿರೋದು. ಇಲ್ಲೂ ಪಾಠ ಮಾಡ್ತೀರಾ?"

ಮುದುಕ ಮೇಲಿನ ಕಿಟಕಿಯತ್ತ ನೋಡಿದ.

"ಮೆಲ್ಲಗೆ ಮಾತಾಡೋ, ಆ ಹುಡುಗಿಗೆ ಕೇಳಿಸೀತು."